ಊರಾಳಿಕೆಯ ವಿದ್ಯೆ

ವಿದ್ಯಾಲಯಗಳಲ್ಲಿ ಹೊಸ ವರುಷದ ಪಾಠಗಳು ಮೊದಲಾಗುವ ಈ ದಿನಗಳಲ್ಲಿ, ಮಕ್ಕಳು ಮುಂದೇನನ್ನು ಓದಬೇಕೆಂಬ ವಿಚಾರವು ಮನೆಮನೆಯಲ್ಲಿಯೂ ನಡೆದಿರುವುದು. ವೈದ್ಯಕ, ಯಂತ್ರಶಾಸ್ತ್ರಗಳ ಹೆಸರು ಮೊದಲು ಬರುತ್ತದೆ. ಊರಿನ ಆಡಳಿತವನ್ನು ಕಲಿಸುವ ವಿದ್ಯೆಯೊಂದು ಉಂಟೆಂಬುದು ಬಹುಮಂದಿ ಗೃಹಸ್ಥರ ನೆನಪಿಗೆ ಬಾರದು.

ಅಂಥ ವಿದ್ಯೆಗೆಂದೇ ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯವು 2016ರಲ್ಲಿ ಸ್ಥಾಪಿತವಾಯಿತು. ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಿನಿಂದ ಅಲ್ಲಿಗೆ ಹೋಗಬಯಸುವ ಮಗಳನ್ನು, “ಇದನ್ನು ಓದಿ ಏನು ಮಾಡುವಿ, ಅವ್ವಾ?” ಎಂದು ಹಿರಿಯರು ಕೇಳಿದರೆ ತಪ್ಪೆನ್ನಲಾರೆವು. ಜೋಳ ತೊಗರಿಗಳ ಹುಟ್ಟುವಳಿಯಿಂದ ಶುಲ್ಕ ತೆರುವವರು ಕೇಳಲೇಬೇಕು. ಆದರೆ ಇದರ ಉತ್ತರವು ನೌಕರಿಯೊಂದರಲ್ಲಿಯೇ ಮುಗಿಯತಕ್ಕದ್ದಲ್ಲ.

ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವು ಕುಡಿಯುವ ನೀರು, ಬೀದಿದೀಪ, ನೈರ್ಮಲ್ಯ ಮೊದಲಾದವುಗಳ ಹೊಣೆಯನ್ನು ಗ್ರಾಮ ಪಂಚಾಯತಿಗೆ ಒಪ್ಪಿಸಿದೆ. 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಸ್ಥಾನವನ್ನು ಕಾಯಿದೆಯು ಕೊಡಬಲ್ಲದು. ಜಮಾಖರ್ಚಿನ ಪತ್ರವನ್ನು ತಾನೇ ಓದಿ, “ಈ ಹಣವು ಎಲ್ಲಿ ವೆಚ್ಚವಾಯಿತು?” ಎಂದು ಕೇಳುವ ಧೈರ್ಯವನ್ನು ವಿದ್ಯೆಯೇ ಕೊಡಬೇಕು. ಅದಿಲ್ಲದೆಡೆಯಲ್ಲಿ ರುಜುವು ಸದಸ್ಯೆಯದು, ತೀರ್ಮಾನವು ಮನೆಯ ಗಂಡಸರದು ಎಂಬಂತಾಗುವುದು.

ಆದಕಾರಣ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹವುಂಟು. ಮುಂದಿನ ಗ್ರಾಮಸಭೆಗೆ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಸಂಗಡ ಕರೆದೊಯ್ಯಿರಿ. ಅಲ್ಲಿ ಓದುವ ಲೆಕ್ಕವನ್ನು ಅವರೂ ಕೇಳಲಿ. ರಾತ್ರಿ ಊಟವಾದ ಬಳಿಕ ಅದರ ಅರ್ಥವನ್ನು ಅವರ ಬಾಯಿಂದಲೇ ಹೇಳಿಸಿರಿ. ಗದಗಕ್ಕೆ ಹೋಗುವವರಿಗೆ ಇದು ಮೊದಲನೆಯ ಪಾಠವಾಗುವುದು. ಊರಲ್ಲಿಯೇ ಉಳಿಯುವವರಿಗೂ ಈ ಪಾಠವು ಬೇಕಾದದ್ದೇ.