ಔಷಧದ ಅಂಗಡಿಯಿಂದ ಹಣ್ಣಿನ ತೋಟಕ್ಕೆ

ಮೂಡುಬಿದಿರೆಯಿಂದ ಕಾರ್ಕಳದತ್ತ ಹೊರಟವರಿಗೆ ದಾರಿಯಲ್ಲಿ ಬೆಳುವಾಯಿ ಸಿಗುತ್ತದೆ. ಕೆಂಪು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಧೋ ಎಂದು ಸುರಿಯುವ ಮಳೆ. ಈ ಸೀಮೆಯ ಮನೆಗಳ ಹಿತ್ತಿಲಲ್ಲಿ ಯಾರೂ ನೆಡದೆ ತಾನಾಗಿ ಹುಟ್ಟಿದ ಮರ ಒಂದಾದರೂ ಇರುತ್ತದೆ. ಮಕ್ಕಳು ತಿಂದು ಬಿಸುಟ ಮಾವಿನ ಗೊರಟು, ಬಚ್ಚಲ ಹಿಂದೆ ಬಿದ್ದ ಹಲಸಿನ ಬೇಳೆ, ಒಂದು ಮಳೆ ಕಂಡರೆ ಸಾಕು, ಮೊಳೆತು ನಿಲ್ಲುತ್ತದೆ. ಆಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಸಿ ತಾಯಿಮರದಂತಹ ಹಣ್ಣನ್ನೇ ಕೊಟ್ಟೀತೇ? ಜೇನಿನಂತಹ ಬಕ್ಕೆ ಹಲಸಿನ ಬೇಳೆಯಿಂದ ಎದ್ದ ಮರ ಹತ್ತು ವರ್ಷಗಳ ಮೇಲೆ ಸಪ್ಪೆಯಾದ ತುಳುವೆಯನ್ನು ಬಿಟ್ಟ ಕಥೆ ಎಲ್ಲರ ಮನೆಯಲ್ಲೂ ಉಂಟು. ‘ಬೀಜದೊಳಗಿನ ಗುಣ ದೇವರಿಗೇ ಗೊತ್ತು’ ಎಂದು ಹಿರಿಯರು ಆ ಚರ್ಚೆಯನ್ನು ಮುಗಿಸಿಬಿಡುತ್ತಾರೆ.

ಇದೇ ಪ್ರಶ್ನೆಯನ್ನು ಹಿಡಿದು, ಅದನ್ನು ಅಲ್ಲಿಗೇ ಮುಗಿಸದೆ, ಅದರ ಬೆನ್ನ ಹಿಂದೆ ಐವತ್ತು ವರ್ಷಗಳಿಗೂ ಮಿಕ್ಕಿ ನಡೆದ ಒಬ್ಬ ಔಷಧಗಾರನಿದ್ದ. ಆತನ ಊರು ಬೆಲ್ಜಿಯಂ ದೇಶದ ಬ್ರಸೆಲ್ಸ್. ಹೆಸರು ಝಾನ್ ಬಾಪ್ತಿಸ್ತ್ ವಾನ್ ಮಾನ್ಸ್. ಹುಟ್ಟಿದ್ದು 1765ರಲ್ಲಿ.

ವಾನ್ ಮಾನ್ಸ್‌ನ ವೃತ್ತಿ ಔಷಧ ತಯಾರಿಕೆ. ಅಂದಿನ ಔಷಧದ ಅಂಗಡಿ ಇಂದಿನಂತೆ ಮಾತ್ರೆಯ ಪೊಟ್ಟಣಗಳನ್ನು ಎಣಿಸಿಕೊಡುವ ಸ್ಥಳವಾಗಿರಲಿಲ್ಲ. ಬೇರು, ತೊಗಟೆ, ಎಲೆ, ಬೀಜಗಳನ್ನು ಒಣಗಿಸಿ, ಕುಟ್ಟಿ, ಬಟ್ಟಿಯಿಳಿಸಿ, ಗುಲಗಂಜಿಯಷ್ಟು ತೂಕಕ್ಕೂ ಲೆಕ್ಕವಿಟ್ಟು ಮದ್ದನ್ನು ಅಣಿಗೊಳಿಸಬೇಕಾಗಿತ್ತು. ಸಸ್ಯದ ಪರಿಚಯವೂ ರಸಾಯನಶಾಸ್ತ್ರದ ಪರಿಚಯವೂ ಇಲ್ಲದವನಿಗೆ ಆ ಕಸುಬು ದಕ್ಕುವಂತಿರಲಿಲ್ಲ. ಈ ತರುಣನಿಗೆ ಎರಡೂ ದಕ್ಕಿದ್ದವು. ಫ್ರಾನ್ಸಿನ ಲವಾಸಿಯೇ ಹೊಸ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕುತ್ತಿದ್ದ ಕಾಲವದು. ಹಳೆಯ ಪಂಡಿತರು ಅದನ್ನು ಒಪ್ಪಲು ಹಿಂದೆಮುಂದೆ ನೋಡುತ್ತಿದ್ದಾಗ, ವಾನ್ ಮಾನ್ಸ್ 1785ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅದನ್ನು ಎತ್ತಿಹಿಡಿದು ಒಂದು ಗ್ರಂಥವನ್ನೇ ಪ್ರಕಟಿಸಿದ. ಮುಂದೆ ಅಧ್ಯಾಪಕನಾದ, 1817ರಲ್ಲಿ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ. ಇಷ್ಟರಿಂದಲೇ ಒಬ್ಬ ಮನುಷ್ಯನ ಬಾಳು ಸಾರ್ಥಕವಾಯಿತೆನ್ನಬಹುದಿತ್ತು. ಆದರೆ ಆತನ ಮನಸ್ಸು ನೆಲೆಸಿದ್ದು ಬೇರೆಡೆ: ಪೇರ್ ಹಣ್ಣಿನ ಗಿಡಗಳಲ್ಲಿ.

ಪೇರ್ ಎಂದರೆ ಕರಾವಳಿಯ ಪೇರಳೆಯಲ್ಲ. ಬೆಂಗಳೂರಿನ ಕಡೆ ಮರಸೇಬೆಂದು ಕರೆಯುವ ಹಣ್ಣಿನ ಬಳಗದ್ದು. ಯುರೋಪಿನ ಹಳೆಯ ಕಾಲದ ಪೇರ್‌ಗಳು ಬಹುಮಟ್ಟಿಗೆ ಗಡುಸಾದವು. ಕಚ್ಚಿದರೆ ಮರಳು ಅಗಿದಂತೆ. ಬೇಯಿಸಿ ತಿನ್ನಲಷ್ಟೇ ಒದಗುತ್ತಿದ್ದವು. ಬೆಣ್ಣೆಯಂತೆ ಬಾಯಲ್ಲಿ ಕರಗುವ ಪೇರ್ ಬೆಲ್ಜಿಯಂನ ಕೊಡುಗೆ. ಈ ಕೆಲಸಕ್ಕೆ ನಾಂದಿ ಹಾಡಿದವನು ಹದಿನೆಂಟನೆಯ ಶತಮಾನದ ನಿಕೊಲಾ ಹಾರ್ಡನ್‌ಪಾಂಟ್ ಎಂಬ ಪಾದ್ರಿ. ಅದನ್ನು ಹತ್ತುಪಟ್ಟು ಬೆಳೆಸಿದವನು ನಮ್ಮ ಔಷಧಗಾರ. ನೆರೆಯ ಜರ್ಮನಿಯಲ್ಲಿ ಹಣ್ಣುಗಳ ವಿಚಾರದಲ್ಲಿ ಆಗ ಹೆಸರಾಗಿದ್ದ ಡೀಲ್ ಒಬ್ಬ ವೈದ್ಯ. ಪಾದ್ರಿ, ವೈದ್ಯ, ಔಷಧಗಾರ! ನೇಗಿಲು ಹಿಡಿದು ಹುಟ್ಟದವರೂ ನೆಲದ ಋಣವನ್ನು ತೀರಿಸಬಲ್ಲರೆಂಬುದಕ್ಕೆ ಈ ಮೂವರೇ ಸಾಕ್ಷಿ.

ವಾನ್ ಮಾನ್ಸ್‌ನ ವಿಧಾನ ಕೇಳಲು ಬಹು ಸರಳ. ಬೀಜ ಬಿತ್ತುವುದು, ಸಸಿ ಮರವಾಗಿ ಮೊದಲ ಹಣ್ಣು ಬಿಟ್ಟೊಡನೆ, ಆ ಹಣ್ಣಿನ ಬೀಜವನ್ನು ಮತ್ತೆ ಬಿತ್ತುವುದು, ಅದರ ಮೊದಲ ಹಣ್ಣಿನ ಬೀಜವನ್ನು ಪುನಃ ಬಿತ್ತುವುದು. ನಡುವೆ ವಿರಾಮವಿಲ್ಲ. ಹಳೆಯ ಹೆಸರಾಂತ ಮರದ ಬೀಜ ಕಾಡುಗುಣಕ್ಕೆ ಮರಳುತ್ತದೆ, ಎಳೆಯ ಮರದ ಬೀಜ ಮೇಲ್ಮೈಗೆ ಸಾಗುತ್ತದೆ ಎಂಬುದು ಆತನ ಸಿದ್ಧಾಂತ.

ಕೇಳಲು ಸರಳವಾದುದು ಬದುಕಲು ಸರಳವಾಗಿರಲಿಲ್ಲ. ಮೊದಲ ತಲೆಮಾರಿನ ಸಸಿ ಹಣ್ಣು ಬಿಡಲು 12ರಿಂದ 15 ವರ್ಷ ಹಿಡಿಯಿತು. ಎರಡನೆಯದಕ್ಕೆ 10ರಿಂದ 12, ಮೂರನೆಯದಕ್ಕೆ 8ರಿಂದ 10, ನಾಲ್ಕನೆಯದಕ್ಕೆ 6ರಿಂದ 8, ಐದನೆಯದಕ್ಕೆ 6. ಕೂಡಿ ನೋಡಿದರೆ ಐದು ತಲೆಮಾರಿಗೆ ಕಡಿಮೆಯೆಂದರೂ 42 ವರ್ಷ! ಇಪ್ಪತ್ತರಲ್ಲಿ ಬಿತ್ತಿದವನಿಗೆ ತನ್ನ ಪ್ರಶ್ನೆಯ ಉತ್ತರ ಸಿಗುವ ವೇಳೆಗೆ ಅರವತ್ತು ದಾಟಿರುತ್ತದೆ. ಅಷ್ಟು ಕಾದರೂ, ಬೆಳೆದ ಸಸಿಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದವು ಕೆಲವೇ, ಮಿಕ್ಕವನ್ನು ಕಿತ್ತೊಗೆಯಲೇಬೇಕು. ಆದ್ದರಿಂದ ಆತ ಒಂದೆರಡು ಗಿಡಗಳನ್ನು ನಂಬಿ ಕೂರಲಿಲ್ಲ. 1815ರ ಹೊತ್ತಿಗೆ ಬ್ರಸೆಲ್ಸಿನ ಆತನ ಸಸ್ಯಕ್ಷೇತ್ರದಲ್ಲಿ ಸುಮಾರು 80,000 ಗಿಡಗಳಿದ್ದವು. ಆ ತೋಟಕ್ಕೆ ಆತನಿಟ್ಟ ಹೆಸರು ‘ನಿಷ್ಠೆಯ ತೋಟ’ ಎಂಬರ್ಥದ್ದು.

ಆ ನಿಷ್ಠೆಯ ಪರೀಕ್ಷೆ ಬೇಗನೆ ಬಂದಿತು. 1819ರಲ್ಲಿ ನಗರವನ್ನು ವಿಸ್ತರಿಸುವ ಸಲುವಾಗಿ ಆ ಜಾಗ ಬೇಕೆಂದು ಆಜ್ಞೆ ಹೊರಟಿತು. ಹಲವು ತಲೆಮಾರುಗಳ ಮರಗಳು ನಿಂತಿದ್ದ ತೋಟವನ್ನು ಅವಸರದಲ್ಲಿ ತೆರವು ಮಾಡಬೇಕಾಯಿತು. ಮರಗಳನ್ನೆಲ್ಲ ಹೊತ್ತೊಯ್ಯುವುದೆಂತು? ಒಂದಲ್ಪ ಭಾಗವನ್ನು ಕಿತ್ತು ಸಾಗಿಸಿ, ಉಳಿದವುಗಳಲ್ಲಿ ಶ್ರೇಷ್ಠವಾದವುಗಳ ಕುಡಿಗಳನ್ನು ಕತ್ತರಿಸಿಕೊಂಡು ಆತ ಲೂವೆನ್ನಿಗೆ ನಡೆದ. ಅಲ್ಲಿ ಮೊದಲಿನಿಂದ ತೊಡಗಿದ. 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾಯಿತು. ಅನಂತರ ನಡೆದ ಆಂಟ್ವರ್ಪ್ ಮುತ್ತಿಗೆಯ ಸಮಯದಲ್ಲಿ ಫ್ರೆಂಚ್ ಸೈನ್ಯಕ್ಕೆ ರೊಟ್ಟಿ ಸುಡುವ ಒಲೆಗಳನ್ನು ಹೂಡಲು ಜಾಗ ಬೇಕಾಯಿತು; ಆರಿಸಿದ್ದು ಈತನ ತೋಟವನ್ನು. ಇನ್ನೊಂದೆಡೆ ನೆಟ್ಟದ್ದಾಯಿತು. 1834ರಲ್ಲಿ ಅನಿಲ ತಯಾರಿಸುವ ಕಾರ್ಖಾನೆಗೆಂದು ಮೂರನೆಯ ಬಾರಿಯೂ ತೋಟ ಕೈತಪ್ಪಿತು. ಆಗ ಆತನಿಗೆ ಸುಮಾರು ಎಪ್ಪತ್ತು ವರ್ಷ.

ಮೂರು ಸಲ ತೋಟ ಅಳಿದರೂ ವಾನ್ ಮಾನ್ಸ್‌ನ ಹಣ್ಣುಗಳು ಅಳಿಯದೆ ಉಳಿದುದು ಹೇಗೆ? ಆತನ ಜೀವನದ ಮುಖ್ಯ ಮಾತು ಇಲ್ಲಿದೆ. ಆತ ತನ್ನ ಗಿಡಗಳನ್ನು ಬೇಲಿಯೊಳಗೆ ಬಚ್ಚಿಟ್ಟವನಲ್ಲ. ಒಳ್ಳೆಯ ಹಣ್ಣೊಂದು ಸಿಕ್ಕೊಡನೆ ಅದರ ಕಸಿಕಡ್ಡಿಗಳನ್ನು ಕತ್ತರಿಸಿ, ಕಟ್ಟಿ, ಕೇಳಿದವರಿಗೆ ಧರ್ಮಾರ್ಥವಾಗಿ ಕಳುಹಿಸಿಕೊಡುತ್ತಿದ್ದ. ಜರ್ಮನಿ, ಇಂಗ್ಲೆಂಡು, ಫ್ರಾನ್ಸ್‌ಗಳಿಗಷ್ಟೇ ಅಲ್ಲ, ಹಾಯಿಹಡಗುಗಳ ಆ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೂ ಅವು ಹೋದವು. ಅಮೆರಿಕದ ಸೇಲಂ ಪಟ್ಟಣದಲ್ಲಿ ಹಣ್ಣಿನ ತೋಟ ಮಾಡಿದ್ದ ರಾಬರ್ಟ್ ಮ್ಯಾನಿಂಗ್, ಕಾದಂಬರಿಕಾರ ನಥಾನಿಯಲ್ ಹಾಥಾರ್ನನ ಸೋದರಮಾವ, ಅವುಗಳನ್ನು ಕಸಿಮಾಡಿ ಬೆಳೆಸಿದ. ಹೆಸರಿಡಲು ಪುರುಸೊತ್ತಿಲ್ಲದೆ ಬರಿಯ ಸಂಖ್ಯೆಯನ್ನು ಬರೆದು ಕಳುಹಿಸಿದ ಕಡ್ಡಿಗಳೂ ಬಹಳ. ಇದರಿಂದ ಮುಂದೆ ಗೊಂದಲವಾದದ್ದೂ ಉಂಟು. ಆದರೆ ಬ್ರಸೆಲ್ಸಿನಲ್ಲಿ ಕೊಡಲಿಗೆ ಬಿದ್ದ ಮರ ಬೇರೊಂದು ಊರಿನಲ್ಲಿ ಹೂಬಿಟ್ಟು ನಿಂತಿತ್ತು. ಕೈಯೆತ್ತಿ ಕೊಟ್ಟದ್ದೇ ಆತನ ಪಾಲಿಗೆ ಕಾಪಿಟ್ಟ ಧನವಾಯಿತು.

ಇನ್ನು ಸಿದ್ಧಾಂತದ ಮಾತು. 1835–36ರಲ್ಲಿ ಆತ ಹಣ್ಣಿನ ಮರಗಳನ್ನು ಕುರಿತ ತನ್ನ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಹೊರತಂದ. ವಿದ್ವಾಂಸರು ಅದನ್ನು ಆಸಕ್ತಿಯಿಂದ ಓದಿದರು. ಆದರೆ ಕಾಲ ಅದನ್ನು ಒಪ್ಪಲಿಲ್ಲ. ಪೇರ್ ಮರದ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಜಾತಿಯ ಪೇರ್ ಮರದ ಪರಾಗವನ್ನು ದುಂಬಿ, ಜೇನ್ನೊಣಗಳು ತಂದುಕೊಡಬೇಕು. ಎಂದರೆ ಒಂದೊಂದು ಬೀಜವೂ ಎರಡು ಮನೆತನಗಳ ಕೂಸು. ಸಾವಿರಾರು ಒಳ್ಳೆಯ ಗಿಡಗಳು ಒತ್ತಾಗಿ ನಿಂತ ತೋಟದಲ್ಲಿ ಜೇನ್ನೊಣಗಳೇ ಆತನಿಗರಿಯದಂತೆ ಸಂಬಂಧ ಕುದುರಿಸುತ್ತಿದ್ದವು. ಎಳೆಯ ಮರದ ಮಹಿಮೆಯೆಂದು ಆತ ತಿಳಿದದ್ದು ಈ ಬೆರಕೆಯ ಮತ್ತು ಆತನದೇ ಕಟ್ಟುನಿಟ್ಟಾದ ಆಯ್ಕೆಯ ಫಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಪರಾಗವನ್ನು ಕೈಯಿಂದಲೇ ಸೇರಿಸಿ ಹೊಸ ಹಣ್ಣುಗಳನ್ನು ಪಡೆಯುತ್ತಿದ್ದ. 1859ರಲ್ಲಿ ಡಾರ್ವಿನ್ ತನ್ನ ಹೆಸರಾಂತ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ವಾನ್ ಮಾನ್ಸ್‌ನನ್ನು ಹೆಸರಿಸಿದ. ಹೊಗಳಲೆಂದಲ್ಲ, ಬೇರೆ ಬೇರೆ ಸೇಬುಗಳಿಗೆ ಮೂಲವೊಂದೇ ಎಂಬುದನ್ನು ಇಂತಹ ತಜ್ಞನೂ ನಂಬಲಾರದೆ ಹೋದನೆಂದು ತೋರಿಸಲು. ಸಿದ್ಧಾಂತ ಸೋತಿತು, ಹಣ್ಣುಗಳು ಗೆದ್ದವು. ನೂರಾರು ಪೇರ್ ತಳಿಗಳಿಗೆ ಕಾರಣನಾಗಿ ವಾನ್ ಮಾನ್ಸ್ 1842ರಲ್ಲಿ ಲೂವೆನ್ನಿನಲ್ಲಿ ಕಣ್ಮುಚ್ಚಿದ.

ಮತ್ತೆ ಬೆಳುವಾಯಿಯ ಹಿತ್ತಿಲಿಗೆ ಬರೋಣ. ಹಿರಿಯರು ದೇವರಿಗೆ ಬಿಟ್ಟ ಪ್ರಶ್ನೆಗೆ ಇಂದು ಸ್ವಲ್ಪಮಟ್ಟಿಗಾದರೂ ಉತ್ತರವುಂಟು. ಹಲಸಿನ ಬೇಳೆಯ ಗುಣವನ್ನು ನಂಬುವಂತಿಲ್ಲ. ಅದೂ ಎರಡು ಮರಗಳ ಕೂಸು. ಕರಾವಳಿಯ ಕೆಲವು ಮಾವುಗಳ ಗೊರಟೊಂದರಿಂದ ಎರಡು ಮೂರು ಸಸಿಗಳೇಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಪ್ರತಿರೂಪಗಳು. ಮೂಡುಬಿದಿರೆಯ ಸಮೀಪದ ಸೋನ್ಸ್ ಫಾರ್ಮಿನಂತಹ ತೋಟಗಳಿಂದಾಗಿ ಈ ಕಡೆಯವರಿಗೆ ಪರಿಚಿತವಾದ ಪರದೇಶದ ಹಣ್ಣುಗಳಲ್ಲಿಯೂ ಇದೇ ಭೇದ. ಮ್ಯಾಂಗೊಸ್ಟೀನ್ ಬೀಜ ತಾಯಿಯನ್ನೇ ಹೋಲುತ್ತದೆ. ರಂಬುಟಾನ್ ಹಾಗಲ್ಲ, ಬೀಜದಿಂದ ಬೆಳೆಸಿದ ಮರ ಗಂಡಾಗಿಬಿಟ್ಟರೆ, ಐದಾರು ವರ್ಷ ನೀರೆರೆದ ಮನೆಯವರಿಗೆ ಹೂವಿನ ದರ್ಶನವೇ ಭಾಗ್ಯ. ಅದಕ್ಕೇ ಬಲ್ಲವರು ಕಸಿಗಿಡವನ್ನು ಕೊಳ್ಳಿರೆನ್ನುವುದು.

ಆದರೂ ತಾನಾಗಿ ಮೊಳೆತ ಸಸಿಯನ್ನು ಕಳೆಯೆಂದು ಕಿತ್ತುಹಾಕುವ ಮೊದಲು, ಜಾಗವಿದ್ದವರು ಒಂದು ಗಳಿಗೆ ಯೋಚಿಸಬೇಕು. ಇಂದು ನಾವು ಕಸಿಮಾಡುವ ಹೆಸರಾಂತ ಹಲಸು, ಮಾವುಗಳಲ್ಲಿ ಎಷ್ಟೋ ಒಂದಾನೊಂದು ದಿನ ಹೀಗೆಯೇ ಹೆಸರಿಲ್ಲದೆ ಮೊಳೆತವು. ಯಾರೋ ಒಬ್ಬರು ಕಾದರು, ರುಚಿ ನೋಡಿದರು, ನೆರೆಯವರಿಗೊಂದು ಕುಡಿಯನ್ನು ಕೊಟ್ಟರು. ಕಾಯುವ ತಾಳ್ಮೆ ಎಲ್ಲರಿಗೂ ಇರಲಾರದು. ಕೊಡುವ ಕೆಲಸಕ್ಕೆ ಅಷ್ಟು ವರ್ಷ ಬೇಡ. ಹಿತ್ತಿಲಲ್ಲಿ ಒಳ್ಳೆಯ ಮರವೊಂದಿದ್ದರೆ ಈ ಮಳೆಗಾಲಕ್ಕೆ ಮುನ್ನವೇ ಅದನ್ನು ಮಾಡಬಹುದು. ನಮ್ಮ ಹಿತ್ತಿಲಿಗೂ ಒಂದು ದಿನ ರಸ್ತೆ ಬರಬಹುದು, ಕಟ್ಟಡ ಏಳಬಹುದು. ಅಂದು ಆ ಮರದ ಹಣ್ಣು ಪಕ್ಕದ ಮನೆಯಲ್ಲಾದರೂ ಇರುತ್ತದೆ.