ಕಾಯಕಕ್ಕೂ ಬಸಿಗಾಲುವೆ ಬೇಕು

ಘಟಪ್ರಭಾ ಕಾಲುವೆಯ ನೀರುಂಡ ಅರಭಾವಿ ಸೀಮೆಯ ರೈತರು ಬಲ್ಲರು: ಬಸಿಗಾಲುವೆಯಿಲ್ಲದೆ ನೀರು ಹೆಚ್ಚಿದರೆ ಎರೆಭೂಮಿ ಸವಳಾಗುತ್ತದೆ. ದೋಷ ಭೂಮಿಯದಲ್ಲ. ದಂತ ಚಿಕಿತ್ಸಾಲಯಗಳಲ್ಲಿ ಹಲ್ಲಿನ ಕಿಟ್ಟ ತೆಗೆಯುವ ಡೆಂಟಲ್ ಹೈಜೀನಿಸ್ಟ್ ಸೋದರಿಯರ ದಣಿವನ್ನೂ ನಾವು ಹೀಗೆಯೇ ಕಾಣುತ್ತೇವೆ. 1948ರ ದಂತವೈದ್ಯರ ಕಾಯಿದೆ ಈ ವೃತ್ತಿಗೆ ಪ್ರತ್ಯೇಕ ನೋಂದಣಿಯ ಮನ್ನಣೆಯಿತ್ತಿತು. ಆದರೂ ದಿನವಿಡೀ ಕತ್ತು ಬಾಗಿಸಿ ದುಡಿದವಳಿಗೆ ವಿರಾಮವಾಗಲಿ, ಒಳ್ಳೆಯ ಮಾತಾಗಲಿ ದೊರೆಯದ ಕಡೆಗಳುಂಟು. ಇಂಥ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ರೋಗವೆನ್ನದೆ, ನಿಭಾಯಿಸದೆ ಉಳಿದ ಉದ್ಯೋಗದ ಒತ್ತಡದ ಫಲವೆಂದಿತು.

ಆಯ್ದಕ್ಕಿ ಲಕ್ಕಮ್ಮನವರು ಅಗತ್ಯ ಮೀರಿದ ಅಕ್ಕಿಯನ್ನು ಮರಳಿಸಲು ಪತಿಗೆ ಹೇಳಿದರು. ಅಳತೆ ಮೀರಿದ ಹೊರೆಯನ್ನು ಮರಳಿಸುವುದೂ ಕಾಯಕದ್ರೋಹವಲ್ಲ. ಮೊದಲು ಯಜಮಾನರಲ್ಲಿ ವಿರಾಮ ಕೇಳಿರಿ. ಅವರು ಕಿವಿಗೊಡದಿದ್ದರೆ ಸ್ಥಳ ಬದಲಿಸಿರಿ, ಕಾಯಕವನ್ನೇ ತೊರೆಯಬೇಕಿಲ್ಲ. ಮನೆಯ ಹಿರಿಯರೇ, ದುಡಿದು ಬಂದ ಮಗಳ ಸಂಬಳಕ್ಕಿಂತ ಮೊದಲು ಕುಶಲವನ್ನು ಕೇಳಿರಿ.