ಗೃಹಸ್ಥರ ಕೈಪಿಡಿ: ಹವಳದ ತೊಟ್ಟಿಗೆ ಕಾವಲು ಯಂತ್ರ

ವಾಚಕ ಮಹಾಶಯರೊಬ್ಬರು ಈ ಪುಟಕ್ಕೆ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. ಅವರ ಮೊಮ್ಮಗನು ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಸಂಸಾರ ಹೂಡಿರುವನು. ಅವನ ಮನೆಯ ಹಜಾರದಲ್ಲಿ 200 ಲೀಟರು ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯೊಂದುಂಟು. ಅದರಲ್ಲಿ ಜೀವಂತವಾದ ಹವಳಗಳೂ ಕೆಲವು ಸಣ್ಣ ಮೀನುಗಳೂ ಬೆಳೆಯುತ್ತಿವೆ. ಆ ತೊಟ್ಟಿಯನ್ನು ಬಿಟ್ಟು ಬರಲಾರದೆ ಅವನು ಮೂರು ವರ್ಷಗಳಿಂದ ಊರಿನ ಮುಖವನ್ನು ಕಂಡಿಲ್ಲ. ಈಗ ತೊಟ್ಟಿಯನ್ನು ತಾನೇ ನೋಡಿಕೊಳ್ಳುವ ನಿಯಂತ್ರಕ ಯಂತ್ರವೊಂದನ್ನು ಕೊಂಡಿರುವನಂತೆ. ಅದನ್ನು ಜೋಡಿಸಿ, ಮೂರು ವಾರ ಊರಿಗೆ ಬಂದು ಹೋಗುವೆನೆಂದು ಬರೆದಿರುವನು. “ಸಾಕಿದ ಜೀವಗಳನ್ನು ಯಂತ್ರದ ಕೈಗೆ ಒಪ್ಪಿಸಿ ಬರುವುದು ತರವೇ? ಬಾರಪ್ಪಾ ಎನ್ನಲೇ, ಬೇಡವೆನ್ನಲೇ?” ಎಂಬುದು ಅಜ್ಜನವರ ಪ್ರಶ್ನೆ.

ಬರಲಿ ಎಂಬುದೇ ನನ್ನ ಉತ್ತರ. ಆದರೆ ಯಂತ್ರವು ಏನನ್ನು ಮಾಡಬಲ್ಲದೆಂಬುದನ್ನು ಮಾತ್ರವಲ್ಲದೆ, ಅದು ಕೆಟ್ಟಾಗ ಏನಾಗುವುದೆಂಬುದನ್ನೂ ಮೊದಲೇ ನಿಶ್ಚಯಿಸಿಕೊಂಡು ಬರಲಿ. ಈ ಎರಡನೆಯ ವಿಚಾರವನ್ನು ಮಾಡದೆ ಜೋಡಿಸಿದ ಯಂತ್ರವು ಕಾವಲುಗಾರನಾಗದೆ ಮನೆಯೊಳಗಣ ಶತ್ರುವಾದೀತು.

ಯಂತ್ರವೆಂಬ ಶಬ್ದದ ಅರ್ಥವನ್ನು ಇಲ್ಲಿ ಸ್ಮರಿಸಿಕೊಳ್ಳುವುದು ಉಚಿತ. ಅದು ‘ಯಮ್’ ಎಂಬ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಹತೋಟಿಯಲ್ಲಿಡು ಎಂದು ಅರ್ಥ. ‘ಯಂತೃ’ ಎಂದರೆ ಸಾರಥಿ. 11ನೆಯ ಶತಮಾನದಲ್ಲಿ ಧಾರಾನಗರದಲ್ಲಿ ಆಳಿದ ಭೋಜರಾಜನು ತನ್ನ ‘ಸಮರಾಂಗಣಸೂತ್ರಧಾರ’ದಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ತಾನಾಗಿ ನಡೆಯುವ ಯಂತ್ರವನ್ನೂ ಒಮ್ಮೆ ಪ್ರೇರಿಸಿದರೆ ನಡೆಯುವ ಯಂತ್ರವನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾನೆ. ಪಾಶ್ಚಾತ್ಯರಲ್ಲಿ ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು 1948ರಲ್ಲಿ ಈ ಸ್ವಯಂನಿಯಂತ್ರಣದ ಶಾಸ್ತ್ರಕ್ಕೆ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟನು. ಆ ಹೆಸರು ಹುಟ್ಟಿದುದು ಚುಕ್ಕಾಣಿ ಹಿಡಿಯುವವನೆಂಬ ಅರ್ಥದ ಗ್ರೀಕ್ ಶಬ್ದದಿಂದ. ಇಲ್ಲಿ ಸಾರಥಿ, ಅಲ್ಲಿ ನಾವಿಕ. ರಥವು ಎತ್ತ ಹೋಗಬೇಕೆಂದು ಹೇಳುವವನು ಮಾತ್ರ ಎರಡು ಕಡೆಯಲ್ಲಿಯೂ ಯಜಮಾನನೇ.

ಹವಳದ ತೊಟ್ಟಿಗೆ ಇಷ್ಟೊಂದು ಕಾವಲು ಏಕೆ ಬೇಕು? ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಮನೆಯನ್ನು ಕಟ್ಟಿಕೊಂಡು ಬಾಳುವ ಸಣ್ಣ ಪ್ರಾಣಿಗಳ ಸಮೂಹ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯು ನೆಲೆಸಿ, ಬೆಳಕಿನಿಂದ ಆಹಾರವನ್ನು ತಯಾರಿಸಿ ತನ್ನ ಆಶ್ರಯದಾತನಿಗೂ ಉಣಿಸುತ್ತದೆ. ನೀರಿನ ಉಷ್ಣವು ಮಿತಿ ಮೀರಿದರೆ ಈ ಸ್ನೇಹವು ಮುರಿದು, ಪಾಚಿಯು ಹೊರಬಿದ್ದು, ಹವಳವು ಬಿಳಿಚಿಕೊಳ್ಳುತ್ತದೆ. ಬಹುದಿನ ಹಾಗೆಯೇ ಉಳಿದರೆ ಸಾಯುತ್ತದೆ. ಸಮುದ್ರವು ಅಪಾರವಾದುದರಿಂದ ಅದರ ಗುಣಗಳು ನಿಧಾನವಾಗಿ ಬದಲಾಗುವುವು. 200 ಲೀಟರಿನ ತೊಟ್ಟಿಯಾದರೋ ಒಂದು ರಾತ್ರಿಯಲ್ಲಿ ಬಿಸಿಯಾಗಬಹುದು, ಒಂದು ದಿನದಲ್ಲಿ ಉಪ್ಪೇರಬಹುದು. ಉಷ್ಣವು ಸುಮಾರು 25ರಿಂದ 26 ಡಿಗ್ರಿ ಸೆಂಟಿಗ್ರೇಡು, ಉಪ್ಪು ಸಾವಿರಕ್ಕೆ 35 ಪಾಲು, ಕ್ಷಾರಮಾನವು ಡಿಕೆಎಚ್ ಎಂಬ ಅಳತೆಯಲ್ಲಿ 8ರಿಂದ 9, ಕ್ಯಾಲ್ಸಿಯಂ ಲೀಟರಿಗೆ ಸುಮಾರು 420 ಮಿಲಿಗ್ರಾಂ, ಇಷ್ಟು ಸ್ಥಿರವಾಗಿದ್ದರೆ ಹವಳಗಳು ಸುಖವಾಗಿರುವುವು. ಅಂಕಿ ಅತ್ತಿತ್ತ ಸ್ವಲ್ಪ ಇದ್ದರೂ ಸಹಿಸುವ ಹವಳವು ದಿನಕ್ಕೊಂದು ಅಂಕಿಯಾದರೆ ಸಹಿಸದು.

ಇನ್ನು ಯಂತ್ರದ ಸ್ವರೂಪ. ಅಮೆರಿಕದ ನೆಪ್ಚೂನ್ ಸಂಸ್ಥೆಯ ‘ಅಪೆಕ್ಸ್’, ಜರ್ಮನಿಯ ಜಿಎಚ್‌ಎಲ್ ಸಂಸ್ಥೆಯ ‘ಪ್ರೊಫಿಲಕ್ಸ್’ ಎಂಬವು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಗಣಕದ ಮೇಲೆ ‘ರೀಫ್ ಪೈ’ ಎಂಬ ಉಚಿತ ತಂತ್ರಾಂಶವನ್ನು ಹೂಡಿ ಸ್ವಹಸ್ತದಿಂದ ಕಟ್ಟಿಕೊಳ್ಳುವವರೂ ಉಂಟು. ಯಾವುದಾದರೂ ಸರಿಯೆ, ಅಂಗಗಳು ಮೂರೇ: ಅಳೆಯುವ ಇಂದ್ರಿಯಗಳು, ನಿರ್ಣಯಿಸುವ ಮನಸ್ಸು, ವಿದ್ಯುತ್ತನ್ನು ಕೊಡುವ ಅಥವಾ ತಡೆಯುವ ಕೈಗಳು. ಹವಳದ ವಿಷಯವು ಇವುಗಳಲ್ಲಿ ಯಾವುದಕ್ಕೂ ಗೊತ್ತಿಲ್ಲ. ಇಂದ್ರಿಯವು ಸುಳ್ಳು ಹೇಳಿದರೆ ಮನಸ್ಸು ನಂಬುತ್ತದೆ, ಕೈ ನಡೆಸುತ್ತದೆ.

ಜೋಡಣೆಯನ್ನು ಪ್ರಯಾಣಕ್ಕೆ ಕನಿಷ್ಠ ಎರಡು ತಿಂಗಳು ಮುಂಚಿತವಾಗಿ ಆರಂಭಿಸಿ, ಒಂದೊಂದು ಕೆಲಸವನ್ನು ಒಂದೊಂದು ವಾರ ನೋಡಿ ಮುಂದುವರಿಯತಕ್ಕದ್ದು. ಕ್ರಮವು ಹೀಗಿರಲಿ.

ಮೊದಲನೆಯದು ವಿದ್ಯುತ್ತು. ಉಪ್ಪುನೀರೂ ವಿದ್ಯುತ್ತೂ ಒಂದೇ ಪೀಠದ ಕೆಳಗೆ ಇರತಕ್ಕ ವಸ್ತುಗಳಲ್ಲ. ಸ್ವಿಚ್ಚುಗಳ ಹಲಗೆಯನ್ನು ತೊಟ್ಟಿಯ ಪಕ್ಕದ ಗೋಡೆಗೆ, ನೀರು ಸಿಡಿಯದ ಕಡೆ ಬಿಗಿಯಬೇಕು. ಪ್ರತಿಯೊಂದು ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಅನಂತರ ಮೇಲೇರಲಿ. ತಂತಿಯ ಗುಂಟ ಇಳಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುವುದು, ಪ್ಲಗ್ಗನ್ನು ಸೇರದು. ವಿದ್ಯುತ್ತು ನೆಲಕ್ಕೆ ಸೋರಿದೊಡನೆಯೇ ಕಡಿದುಹಾಕುವ ರಕ್ಷಕ ಸ್ವಿಚ್ಚು ಇಲ್ಲದೆ ಉಳಿದ ಯಾವ ಕೆಲಸಕ್ಕೂ ಕೈಹಾಕಕೂಡದು. ಇದು ಹವಳಕ್ಕಾಗಿ ಅಲ್ಲ, ಮನೆಯ ಮಕ್ಕಳಿಗಾಗಿ.

ಎರಡನೆಯದು ಉಷ್ಣ. ಕಾಯಿಸುವ ಸಲಾಕೆಗಳು ಕೆಡುವ ರೀತಿಯು ಎರಡು: ಕಾಯದೆ ಇರುವುದು, ಆರದೆ ಇರುವುದು. ಎರಡನೆಯದೇ ಘೋರ, ಒಳಗಿನ ಲೋಹದ ತುಟಿಗಳು ಬೆಸೆದುಕೊಂಡರೆ ಅದು ನಿಲ್ಲದೆ ಕಾಯಿಸುತ್ತಲೇ ಇರುವುದು. ಆದಕಾರಣ ಒಂದು ದೊಡ್ಡ ಸಲಾಕೆಯ ಬದಲು 100 ವ್ಯಾಟಿನ ಎರಡನ್ನು ಇಡುವುದು ಲೇಸು. ಒಂದು ಹಟ ಹಿಡಿದರೂ ತೊಟ್ಟಿಯನ್ನು ಬೇಯಿಸಲು ಅದಕ್ಕೆ ಬಲ ಸಾಲದು, ಒಂದು ಸತ್ತರೆ ಇನ್ನೊಂದು ಅಷ್ಟಿಷ್ಟು ಆಧಾರವಾಗುವುದು. ನಿಯಂತ್ರಕವು 25.3 ಡಿಗ್ರಿಗೆ ಹೊತ್ತಿಸಿ 25.7ಕ್ಕೆ ಆರಿಸಲಿ, ನಡುವೆ ಇಷ್ಟು ಅಂತರವಿಲ್ಲದಿದ್ದರೆ ಸ್ವಿಚ್ಚು ಕ್ಷಣಕ್ಷಣಕ್ಕೂ ಹೊಡೆದುಕೊಂಡು ಬೇಗ ಸವೆಯುವುದು. ಸಲಾಕೆಗೆ ತನ್ನದೇ ಆದ ಉಷ್ಣನಿಯಾಮಕವಿದ್ದರೆ ಅದನ್ನು 26.5ಕ್ಕೆ ತಿರುಗಿಸಿಡಬೇಕು. ಆಗ ಬಾಗಿಲಿಗೆ ಎರಡು ಬೀಗ ಹಾಕಿದಂತಾಗುವುದು.

ಮೂರನೆಯದು ನೀರು ತುಂಬಿಸುವಿಕೆ. ತೊಟ್ಟಿಯಿಂದ ದಿನಕ್ಕೆ ಎರಡು ಮೂರು ಲೀಟರು ನೀರು ಆವಿಯಾಗುವುದು. ಉಪ್ಪು ಮಾತ್ರ ಅಲ್ಲಿಯೇ ಉಳಿಯುವುದು. ಆದುದರಿಂದ ಹೋದಷ್ಟು ಶುದ್ಧವಾದ ಸಿಹಿನೀರನ್ನು ಸೇರಿಸುತ್ತಿರಬೇಕು. ತೇಲುವ ಬುರುಡೆಯೋ ಬೆಳಕಿನ ಕಣ್ಣೋ ಮಟ್ಟವನ್ನು ನೋಡಿ ಸಣ್ಣ ಪಂಪನ್ನು ನಡೆಸುವುದು. ಬುರುಡೆಗೆ ಬಸವನಹುಳು ಅಂಟಿಕೊಂಡು ಅದು ಮೇಲೇಳದೆ ಹೋದರೆ? ಪಂಪು ನಿಲ್ಲದು. ಇಲ್ಲಿ ಚಿಕ್ಕ ಲೆಕ್ಕವೊಂದನ್ನು ಮಾಡೋಣ. ಸಿಹಿನೀರಿನ ಕ್ಯಾನಿನಲ್ಲಿ 50 ಲೀಟರು ಇದ್ದು ಅದೆಲ್ಲವೂ ಸೇರಿದರೆ ಸಾವಿರಕ್ಕೆ 35 ಇದ್ದ ಉಪ್ಪು 28ಕ್ಕೆ ಇಳಿಯುವುದು. ಹವಳಗಳಿಗೆ ಅದು ಮಾರಕ, ಮನೆಯ ನೆಲಕ್ಕೂ ಪ್ರಳಯ. ಕ್ಯಾನಿನಲ್ಲಿ ಹತ್ತೇ ಲೀಟರು ಇದ್ದರೆ 33ರ ಮೇಲೆಯೇ ನಿಲ್ಲುವುದು; ಹವಳಗಳು ಮುನಿದಾವು, ಸಾಯಲಾರವು. ಎಂದಮೇಲೆ ಪಾತ್ರೆಯ ಚಿಕ್ಕತನವೇ ಇಲ್ಲಿ ಉತ್ತಮವಾದ ರಕ್ಷಣೆ. ಪಂಪು ಐದು ನಿಮಿಷಕ್ಕಿಂತ ಹೆಚ್ಚು ಕಾಲ ನಡೆದರೆ ನಿಲ್ಲಿಸಿ ಕೂಗಿಕೊಳ್ಳಬೇಕೆಂದೂ ಯಂತ್ರಕ್ಕೆ ಆಜ್ಞೆ ಮಾಡಿಡಬೇಕು.

ನಾಲ್ಕನೆಯದು ಪಿಎಚ್ ಎಂಬ ಆಮ್ಲಕ್ಷಾರಗಳ ಸೂಚಿ. ಇದು ಹಗಲು ಪಾಚಿಯ ಕೆಲಸದಿಂದ ಏರಿ ರಾತ್ರಿ ಇಳಿಯುವುದು ಸಹಜ. ಕಿಟಕಿ ಮುಚ್ಚಿದ ಮನೆಯಲ್ಲಿ ಬಂಧುಗಳು ಬಹುಮಂದಿ ಸೇರಿದರೆ ಅವರ ಉಸಿರಿನಿಂದಲೂ ಇಳಿಯುವುದು. ಅಳೆಯುವ ಗಾಜಿನ ಕಡ್ಡಿಯನ್ನು 7 ಮತ್ತು 10 ಎಂಬ ಗೊತ್ತಾದ ದ್ರಾವಣಗಳಲ್ಲಿ ಅದ್ದಿ ಆಗಾಗ್ಗೆ ತಿದ್ದಬೇಕು. ವರ್ಷವೆರಡು ವರ್ಷಗಳಲ್ಲಿ ಅದಕ್ಕೆ ಮುಪ್ಪು ಬರುವುದು. ಆದಕಾರಣ ಈ ಅಂಕಿಯನ್ನು ನೋಡತಕ್ಕದ್ದು, ಅದರ ಮಾತಿನ ಮೇಲೆ ಕ್ಷಾರವನ್ನು ಸುರಿಯಲು ಯಂತ್ರಕ್ಕೆ ಅಧಿಕಾರ ಕೊಡಕೂಡದು. ದೃಷ್ಟಿ ಮಂದವಾದವನ ಕೈಗೆ ಔಷಧದ ಪೆಟ್ಟಿಗೆಯ ಬೀಗದ ಕೈಯನ್ನು ಯಾರೂ ಕೊಡುವುದಿಲ್ಲವಷ್ಟೆ.

ಐದನೆಯದು ಸುಣ್ಣ ಮತ್ತು ಕ್ಷಾರಗಳ ಪೂರೈಕೆ. ಹವಳವು ಬೆಳೆದಂತೆಲ್ಲ ಇವು ನೀರಿನಲ್ಲಿ ಕಡಮೆಯಾಗುವುವು. ಕೈಯಿಂದಲೇ ಪರೀಕ್ಷಿಸಿ, ಒಂದು ದಿನದಲ್ಲಿ ಕ್ಷಾರಮಾನವು 8.5ರಿಂದ 8ಕ್ಕೆ ಇಳಿಯಿತೆಂದರೆ ಆ ಅರ್ಧ ಅಂಕವೇ ದಿನದ ಖರ್ಚು. ಅಷ್ಟನ್ನು ಮಾತ್ರ, ದಿನದ 24 ಗಂಟೆಗಳಿಗೆ ಹಂಚಿ, ಅಳತೆಯ ಪಂಪಿನಿಂದ ಹನಿಸಬೇಕು. ಎರಡು ದ್ರಾವಣಗಳು ಏಕಕಾಲದಲ್ಲಿ ಒಂದೇ ಕಡೆ ಬಿದ್ದರೆ ನೀರಿನಲ್ಲಿಯೇ ಸುಣ್ಣ ಕಟ್ಟುವುದರಿಂದ ನಡುವೆ ಅರ್ಧ ಗಂಟೆಯ ಬಿಡುವಿರಲಿ. ಸೀಸೆಗಳಲ್ಲಿ ಒಂದು ವಾರಕ್ಕೆ ಸಾಲುವಷ್ಟಕ್ಕಿಂತ ಹೆಚ್ಚು ತುಂಬಬಾರದು. ಕಾರಣವು ಮೇಲೆ ಹೇಳಿದ ಕ್ಯಾನಿನದೇ. ದೀಪಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗಡಿಯಾರದಂತೆ ಹೊತ್ತಿ ಆರಿದರೆ ಸಾಕು.

ಇದೆಲ್ಲಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಯಂತ್ರದ ಮನಸ್ಸೇ ನಿಂತುಹೋದರೆ ಕೈಗಳು ಯಾವ ಸ್ಥಿತಿಯಲ್ಲಿರಬೇಕು? ಅಪೆಕ್ಸಿನಂತಹ ಯಂತ್ರಗಳಲ್ಲಿ ಪ್ರತಿಯೊಂದು ಸ್ವಿಚ್ಚಿಗೂ ಇದನ್ನು ಮೊದಲೇ ಬರೆದಿಡಲು ಅವಕಾಶವುಂಟು. ನೀರನ್ನು ಸುತ್ತಿಸುವ ಪಂಪು ನಡೆಯುತ್ತಿರಲಿ. ಸಲಾಕೆಗೆ ತನ್ನದೇ ಕಾವಲಿರುವುದರಿಂದ ಅದೂ ಇರಲಿ. ಸಿಹಿನೀರಿನ ಪಂಪೂ ಅಳತೆಯ ಪಂಪುಗಳೂ ನಿಲ್ಲಲಿ. ಈ ನಾಲ್ಕು ಸಾಲುಗಳನ್ನು ಬರೆಯದೆ ಬಿಟ್ಟವನು ಜೋಡಣೆಯನ್ನು ಮುಗಿಸಿದವನಲ್ಲ.

ಮನೆಗೇ ವಿದ್ಯುತ್ತು ತಪ್ಪಿದರೆ? 2021ರ ಫೆಬ್ರವರಿಯ ಶೀತಮಾರುತದಲ್ಲಿ ಇದೇ ಟೆಕ್ಸಾಸಿನ 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ಕುಳಿತವು. ಅನೇಕ ಕಡೆ ದಿನಗಟ್ಟಲೆ ಬೆಳಕು ಬರಲಿಲ್ಲ. ಅಂತಹ ಸಮಯದಲ್ಲಿ ಮೊದಲು ಕೊಲ್ಲುವುದು ಚಳಿಯಲ್ಲ, ಉಸಿರಿನ ಕೊರತೆ. ನಿಂತ ನೀರಿನಲ್ಲಿ ಪ್ರಾಣವಾಯುವು ಕೆಲವು ಗಂಟೆಗಳಲ್ಲಿಯೇ ಕುಗ್ಗುವುದು. 200 ವ್ಯಾಟಿನ ಶಾಖವನ್ನು ಸಣ್ಣ ಬ್ಯಾಟರಿಯು ಕೊಡಲಾರದು. ಆದರೆ ಕೆಲವೇ ವ್ಯಾಟು ಬೇಡುವ ಗಾಳಿಯ ಪಂಪನ್ನು ಬಹುಹೊತ್ತು ನಡೆಸಬಲ್ಲದು. ವಿದ್ಯುತ್ತು ಹೋದೊಡನೆ ತಾನೇ ಚಾಲೂ ಆಗುವಂತಹುದನ್ನು ಇಟ್ಟಿರಬೇಕು. ತೊಟ್ಟಿಗೆ ಹೊದಿಸಲು ಕಂಬಳಿಯೊಂದು ಪಕ್ಕದಲ್ಲಿಯೇ ಇರಲಿ. ವಿದ್ಯುತ್ತು ಹೋದರೆ ಮನೆಯ ಇಂಟರ್ನೆಟ್ಟೂ ಹೋಗಿ ಯಂತ್ರವು ಮೂಕವಾಗುವುದೆಂಬುದನ್ನೂ ಮರೆಯಬಾರದು. ಆದುದರಿಂದ ಯಂತ್ರದಿಂದ ಇಷ್ಟು ನಿಮಿಷ ಮಾತಿಲ್ಲವೆಂದರೆ ಅದನ್ನೇ ಸುದ್ದಿಯೆಂದು ಮೊಬೈಲಿಗೆ ತಿಳಿಸುವ ಏರ್ಪಾಡು ಬೇಕು.

ಆದರೆ ಸುದ್ದಿ ಬಂದಾಗ ಹುಡುಗನು ಎಲ್ಲಿರುವನು? ಅಜ್ಜನ ಮನೆಯ ಜಗಲಿಯಲ್ಲಿ, ಅರ್ಧ ಭೂಮಂಡಲದ ಆಚೆ. ಬಾಗಿಲು ತೆಗೆಯಲು ಯಂತ್ರಕ್ಕೆ ಬಾರದು. ಕ್ಯಾನು ಹತ್ತೇ ಲೀಟರಿನದಾದರೆ ಮೂರು ದಿನಕ್ಕೊಮ್ಮೆ ತುಂಬುವವರೂ ಬೇಕಷ್ಟೆ. ದೊಡ್ಡ ಪಾತ್ರೆಯನ್ನಿಟ್ಟು ಮನುಷ್ಯರ ಹಂಗನ್ನು ಕಳೆದುಕೊಳ್ಳಬಹುದಲ್ಲವೇ ಎಂದರೆ, ಆ ಹಂಗೇ ತೊಟ್ಟಿಯ ಪ್ರಾಣ. ನೆರೆಯ ಸ್ನೇಹಿತರೊಬ್ಬರಿಗೆ ಬೀಗದ ಕೈಯನ್ನು ಕೊಟ್ಟು, ಎದುರಿಗೇ ಎರಡು ಬಾರಿ ಮಾಡಿಸಿ ತೋರಿಸಿ, ಮಾಡಬೇಕಾದುದನ್ನು ಒಂದೇ ಹಾಳೆಯಲ್ಲಿ ಬರೆದು ಅಂಟಿಸಿಡಲಿ. ಮೀನಿನ ಆಹಾರವನ್ನು ದಿನಕ್ಕೊಂದು ಪೊಟ್ಟಣವಾಗಿ ಕಟ್ಟಿ, ಮಿಕ್ಕ ಡಬ್ಬವನ್ನು ಬಚ್ಚಿಡಲಿ. ಹೊಸಬರು ಕರುಣೆಯಿಂದ ಹೆಚ್ಚು ಹಾಕಿ ನೀರನ್ನು ಕೆಡಿಸುವುದೇ ವಾಡಿಕೆ. ಹೊರಡುವ ಮುನ್ನ ಒಂದು ವಾರ ಮನೆಯಲ್ಲಿಯೇ ಇದ್ದು ತೊಟ್ಟಿಯನ್ನು ಮುಟ್ಟದೆ ನೋಡಲಿ. ಒಂದೊಂದು ಪ್ಲಗ್ಗನ್ನೂ ಕಿತ್ತು, ಬುರುಡೆಯನ್ನು ಬೆರಳಿನಿಂದ ಒತ್ತಿಹಿಡಿದು, ಯಂತ್ರವು ಕೂಗುವುದೋ ಇಲ್ಲವೋ ಪರೀಕ್ಷಿಸಲಿ. ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡುವುದು ಶಾಲೆಯಲ್ಲಿಯೂ ಸಲ್ಲದು.

ಇದನ್ನೋದಿ ನಮ್ಮ ದೇಶದಲ್ಲಿಯೂ ಇಂತಹ ತೊಟ್ಟಿಯನ್ನು ಇಡೋಣವೆಂದು ಯಾರಾದರೂ ಹೊರಟಾರು. ಗಟ್ಟಿ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ; ಅವುಗಳನ್ನು ಸಮುದ್ರದಿಂದ ತೆಗೆಯುವುದೂ ಮಾರುವುದೂ ಅಪರಾಧ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಬೆಳೆದಿರುವ ಹವಳಗಳು ಅಲ್ಲಿಯೇ ಇರಲಿ. ಲಕ್ಷದ್ವೀಪದ ಹವಳಗಳು 1998ರಲ್ಲಿ ಸಮುದ್ರವು ಕಾದು ಬಹುಮಟ್ಟಿಗೆ ಬಿಳಿಚಿ ಸತ್ತವು; 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಜಗದ್ವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆಯನ್ನು ಸಾರಿದರು. ಬೇಸಗೆಯ ವಾಡಿಕೆಯ ಉಷ್ಣಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಈ ವಿಪತ್ತು ಒದಗುವುದು. ಗಾಜಿನ ತೊಟ್ಟಿಯಲ್ಲಿ ಆ ಒಂದು ಡಿಗ್ರಿಯನ್ನು ತಡೆಯಲು ಎರಡು ಬೀಗ ಹಾಕುವ ನಾವು, ಕಡಲಿಗೆ ಅಂತಹ ಬೀಗವಿಲ್ಲವೆಂಬುದನ್ನು ಮನಸ್ಸಿನಲ್ಲಿಡಬೇಕು.

ಅಜ್ಜನವರು ಮೊಮ್ಮಗನಿಗೆ ಬಾರೆಂದೇ ಬರೆಯಲಿ. ಜೊತೆಗೆ, ನೆರೆಮನೆಯವರ ಹೆಸರನ್ನೂ ಟೆಲಿಫೋನು ಸಂಖ್ಯೆಯನ್ನೂ ತಮಗೆ ಮುಂಚಿತವಾಗಿ ಕಳುಹಿಸಬೇಕೆಂದು ಕೇಳಲಿ. ಆ ಹೆಸರು ಬಂದರೆ ಟಿಕೇಟು ಕೊಳ್ಳಬಹುದು.